ಕಾರಣ ಬಿಟ್ಟು ಹೇಳಿದ ಸುದ್ದಿ

ತಿಪಟೂರಿನ ಗಂಗಾಧರಯ್ಯ ತಮ್ಮ ಮೊಬೈಲ್ ಅಂಗಡಿಗೆ ಬಂದವರೇ ಕೌಂಟರಿನ ಹುಡುಗಿಯ ಮೇಲೆ ಗುಡುಗಿದರು.

"ಶಕೀಲಾ, ವಾಟ್ಸಾಪ್ ನೋಡಿದ್ಯಾ? ಜನ ಕೊಳ್ತಿಲ್ಲ ಅಂತ ಕಂಪನಿಯವರು ಫೋನು ತಯಾರಿಸೋದನ್ನೇ ಅರ್ಧಕ್ಕೆ ಇಳಿಸಿದ್ದಾರಂತೆ. ಇನ್ನು ನೀನ್ಯಾಕೆ ಇಲ್ಲಿ? ನಾಳೆಯಿಂದ ಬರಬೇಡ."

"ಯಾರು ಹೇಳಿದ್ದು ಸಾರ್?"

"ಎಲ್ಲರೂ ಹೇಳ್ತಿದ್ದಾರೆ!"

ಶಕೀಲಾ, ಟೀ ತಂದ ಸಿದ್ದಪ್ಪನ ಕಿವಿಯಲ್ಲಿ ಮೆಲ್ಲಗೆ ಉಸುರಿದಳು. "ಅಣ್ಣಾ, ಯಾರಿಗೂ ಹೇಳಬೇಡಿ. ಕಂಪನಿಯವರು ಫೋನು ತಯಾರಿಸೋದನ್ನ ಅರ್ಧಕ್ಕೆ ಇಳಿಸಿದ್ದಾರಂತೆ."

ಯಾರಿಗೂ ಹೇಳಬೇಡಿ ಅಂದಮೇಲೆ ಕೇಳಬೇಕೇ? ಸುದ್ದಿ ಇಡೀ ಪೇಟೆ ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ನೂಕುನುಗ್ಗಲು. "ಆಮೇಲೆ ಸಿಗಲ್ವಂತೆ, ನನಗೊಂದು ಕೊಡಮ್ಮಾ!"

ಗಂಗಾಧರಯ್ಯ ತಬ್ಬಿಬ್ಬಾದರು. "ಏನಮ್ಮಾ ಸುಳ್ಳು ಹಬ್ಬಿಸಿದೆ?"

"ನೀವು ಹೇಳಿದ್ದನ್ನೇ ಹೇಳಿದೆ ಸಾರ್. ಕಾರಣ ಮಾತ್ರ ಬಿಟ್ಟೆ. ಅದನ್ನ ಅವರವರೇ ಸೇರಿಸಿಕೊಂಡರು."

ಅಷ್ಟರಲ್ಲಿ ಪೇಟೆಯ ಸುದ್ದಿ ಗಂಗಾಧರಯ್ಯನವರ ಫೋನಿಗೂ ಬಂತು. ಓದಿದವರೇ ಉಳಿದಿದ್ದ ಒಂದೇ ಒಂದು ಫೋನಿನ ಡಬ್ಬಿಯನ್ನು ಎಳೆದುಕೊಂಡು ಕಂಕುಳಲ್ಲಿ ಅವುಚಿಕೊಂಡರು.

"ನಾಳೆ ಬೇಗ ಬಾ. ಇದನ್ನ ಮಾತ್ರ ಯಾರಿಗೂ ಕೊಡಬೇಡ, ನಮ್ಮನೆಗಿರಲಿ. ಆಮೇಲೆ ಸಿಗಲ್ವಂತೆ!"

"ಯಾರು ಹೇಳಿದ್ದು ಸಾರ್?"

"ಎಲ್ಲರೂ ಹೇಳ್ತಿದ್ದಾರೆ!"