ಕೆಸರು ಕಂಡ ಪಿಕಪ್

ಜೇನು ಸಾಕುವ ಮುತ್ತವ್ವ ಪೆಟ್ಟಿಗೆಗಳನ್ನು ಬೆಟ್ಟಕ್ಕೆ ಸಾಗಿಸಲು ಪಿಕಪ್ ಹುಡುಕುತ್ತಿದ್ದಳು. ಹೋದ ವರ್ಷ ಬಾಡಿಗೆ ಗಾಡಿ ದಾರಿಯ ಕೆಸರಿನಲ್ಲೇ ಹೂತುಕೊಂಡು, ಅರ್ಧದಷ್ಟು ಹುಳುಗಳು ಬಿಸಿಲಿಗೆ ಸತ್ತಿದ್ದವು. ಹಳೆಯ ಗಾಡಿಗಳ ಅಂಗಡಿಯಲ್ಲಿ ಎರಡು ಪಿಕಪ್ ನಿಂತಿದ್ದವು. ಒಂದು ಥಳಥಳ ಹೊಳೆಯುತ್ತಿತ್ತು, ಇನ್ನೊಂದರ ಬಂಪರ್ ಸೊಟ್ಟಗಿತ್ತು.

"ಎಂದಾದರೂ ಕೆಸರಿನಲ್ಲಿ ಹೂತುಕೊಂಡಿದ್ದೀರಾ?" ಎಂದು ಕೇಳಿದಳು.

"ಒಮ್ಮೆಯೂ ಇಲ್ಲ," ಎಂದಿತು ಹೊಳೆಯುವ ಪಿಕಪ್.

ಸೊಟ್ಟ ಬಂಪರಿನದು ನಾಚಿಕೊಂಡಿತು. "ಹಳ್ಳದಲ್ಲಿ ಹೂತಿದ್ದೆ, ತಾಯಿ. ಹಿಂದಕ್ಕೆ ಸರಿದು, ಕಲ್ಲಿನ ಮೇಲೆ ಚಕ್ರ ಏರಿಸಿ ಹೊರಬಂದೆ."

ಮುತ್ತವ್ವ ಹೊಳೆಯುವುದರ ಕಡೆ ತಿರುಗಿದಳು. "ನೀನು ಎಲ್ಲೆಲ್ಲಿ ಓಡಾಡಿದ್ದೀಯಪ್ಪ?"

"ಮನೆಯಿಂದ ಕ್ಲಬ್ಬಿಗೆ. ಕ್ಲಬ್ಬಿನಿಂದ ಮನೆಗೆ."

ಅವಳು ಸೊಟ್ಟ ಬಂಪರಿನ ಗಾಡಿಯ ಕೀಲಿಕೈ ತೆಗೆದುಕೊಂಡಳು.

"ನನ್ನ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿದೆ!" ಎಂದು ಹೊಳೆಯುವ ಪಿಕಪ್ ಕೂಗಿತು.

"ಇರಬಹುದು," ಎಂದಳು ಮುತ್ತವ್ವ. "ಆದರೆ ಆ ಬಲ ಕೆಸರಿನಲ್ಲಿ ಎಷ್ಟೆಂದು ನಿನಗೇ ಇನ್ನೂ ಗೊತ್ತಿಲ್ಲ."