ಮುದುಕಿ ಹೂಂ ಅನ್ನಲಿಲ್ಲ

"ಗುರುಗಳೇ, ನನ್ನ ಕಾವ್ಯವನ್ನು ಈಗ ಮುಗಿಸಲೇ, ಇನ್ನಷ್ಟು ಬೆಳೆಸಲೇ?" ಎಂದು ಶಿಷ್ಯ ಕೇಳಿದ. "ಓದಿದವರೆಲ್ಲ ಮುಂದೇನು, ಮುಂದೇನು ಎನ್ನುತ್ತಿದ್ದಾರೆ. ಮುಗಿಸಲು ಮನಸ್ಸೇ ಬರುತ್ತಿಲ್ಲ."

ಗುರುಗಳು ಕೈಯಲ್ಲಿದ್ದ ಓಲೆಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಕತೆಗಾರನಿದ್ದ. ಹತ್ತಿ ಬೆಳೆಯುವ ಸೀಮೆಯಲ್ಲಿ ಅವನ ಹೆಸರು ದೊಡ್ಡದು. ಪ್ರತಿ ಚಳಿಗಾಲ, ಹತ್ತಿ ಮನೆಗೆ ಬಂದ ಮೇಲೆ, ಒಂದು ಊರಿನವರು ಅವನನ್ನು ಕರೆಸುತ್ತಿದ್ದರು. ಜನ ಚಾವಡಿಯಲ್ಲಿ ಕೂತು ಹತ್ತಿಯಿಂದ ಕಾಳು ಬಿಡಿಸುವರು, ಇವನು ಕತೆ ಹೇಳುವನು. ಆ ಕೆಲಸ ಮುಗಿಯುವವರೆಗೆ ಅವನಿಗೆ ಊಟ, ವಸತಿ. ಹೋಗುವಾಗ ಒಂದು ಹೊದಿಕೆ.

ಇಷ್ಟು ವರ್ಷವೂ ಅವನು ಹೇಳಿದ್ದು ಒಂದೇ ಕತೆ. ಒಬ್ಬ ಮಾಂತ್ರಿಕ ಒಂದು ನಾಡಿನ ಹಗಲನ್ನೇ ಕದ್ದು ಬೆಟ್ಟಗಳಾಚೆ ಬಚ್ಚಿಟ್ಟಿದ್ದಾನೆ. ಕುಂಬಾರರ ಹುಡುಗಿಯೊಬ್ಬಳು ಒಂಟಿ ರೆಕ್ಕೆಯ ಕುದುರೆ ಏರಿ ಅದನ್ನು ತರಲು ಹೊರಟಿದ್ದಾಳೆ. ಒಂದು ಚಳಿಗಾಲಕ್ಕೆ ಒಂದು ಬೆಟ್ಟ. ಮಾತನಾಡುವ ಬಂಡೆಗಳು, ಬೆಂಕಿ ಕುಡಿಯುವ ರಾಣಿ, ಕುದುರೆಯ ಸಾವು, ಎಲ್ಲವೂ ಆಗಿಹೋಗಿದ್ದವು. ಮೊದಲ ಬೆಟ್ಟದ ಕತೆಯನ್ನು ತಾಯಿಯ ಮಡಿಲಲ್ಲಿ ಕೇಳಿದವರು ಈಗ ತಮ್ಮ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ಕತೆಗೆ ಯಾರಾದರೊಬ್ಬರು ಹೂಂಗುಟ್ಟಬೇಕಲ್ಲ? ಆ ಊರಿನಲ್ಲಿ ಆ ಕೆಲಸ ಒಬ್ಬ ಮುದುಕಿಯದು. ಕತೆಗಾರ ಒಂದು ಮಾತು ಮುಗಿಸಿದರೆ ಮುದುಕಿ 'ಹೂಂ' ಅನ್ನುವಳು. ಆಮೇಲೆ ಇನ್ನೊಂದು ಮಾತು. ಹೂಂ ಜೋರಾಗಿ ಬಂದ ದಿನ ಕತೆಗಾರನ ಎದೆ ಉಬ್ಬುತ್ತಿತ್ತು. ತನ್ನ ಕತೆಯಲ್ಲಿ ಹೂಂ ಬೀಳದ ಮಾತೇ ಇಲ್ಲವೆಂದು ಊರೂರಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಕೊನೆಯ ಬೆಟ್ಟದ ವರ್ಷ ಬಂತು. ಕತೆಗಾರನಿಗೆ ದಿಗಿಲು ಹಿಡಿಯಿತು. ಕತೆ ಮುಗಿದರೆ ಈ ಊರಿಗೆ ತಾನೇಕೆ ಬೇಕು? ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಹೂಡಿದ. ಮಾಂತ್ರಿಕ ಸತ್ತರೂ ಅವನ ನೆರಳು ತಪ್ಪಿಸಿಕೊಂಡು ಓಡಿತು ಎಂದರಾಯಿತು. ಆ ಒಂದು ಮಾತು ಸೇರಿಸಿದರೆ ತಾನು ಬದುಕಿರುವವರೆಗೆ ಕತೆಗೂ ಕೊನೆಯಿಲ್ಲ, ಊಟಕ್ಕೂ ಚಿಂತೆಯಿಲ್ಲ.

ಕಡೆಯ ದಿನ ಊರಿಗೆ ಊರೇ ಚಾವಡಿಯಲ್ಲಿ ನೆರೆಯಿತು. ಕತೆಗಾರ ಹಿಂದೆಂದೂ ಹೇಳದಷ್ಟು ಚೆನ್ನಾಗಿ ಹೇಳಿದ. ಹುಡುಗಿ ಮಾಂತ್ರಿಕನನ್ನು ಗೆದ್ದಳು. ತನ್ನ ಕೈಯಾರೆ ಮಾಡಿದ ಮಡಕೆಯಲ್ಲಿ ಹಗಲನ್ನು ತುಂಬಿಕೊಂಡು ಬೆಟ್ಟ ಇಳಿದಳು. ಊರ ಬಾಗಿಲಲ್ಲಿ ಮಡಕೆ ಒಡೆದಳು. ಬೆಳಗಾಯಿತು. ತಾಯಿಗೆ ಮೊದಲು ಅವಳ ಗುರುತೇ ಸಿಗಲಿಲ್ಲ. ಹುಡುಗಿಯಾಗಿ ಹೋದವಳ ತಲೆಯಲ್ಲಿ ನರೆ ಮೂಡಿತ್ತು. ಗುರುತು ಸಿಕ್ಕ ಮೇಲೆ ತಾಯಿ ಏನೂ ಕೇಳದೆ ರೊಟ್ಟಿ ಬಡಿದು ಬಡಿಸಿದಳು. ಮಗಳು ಹೊಟ್ಟೆ ತುಂಬ ಉಂಡು, ಬಿಸಿಲಿನಲ್ಲಿ ಕಾಲು ಚಾಚಿ ಕೂತಳು.

ಕತೆಗಾರ ಹೂಂಗಾಗಿ ಕಾದ. ಹೂಂ ಬರಲಿಲ್ಲ. ಮುದುಕಿಯ ಕೈಯಲ್ಲಿದ್ದ ಹತ್ತಿ ಹಾಗೇ ಇತ್ತು. ಉಳಿದವರ ಕೈಗಳೂ ನಿಂತಿದ್ದವು. ಇಷ್ಟು ವರ್ಷ ಪಟ್ಟ ಪಾಡೆಲ್ಲ ಮಣ್ಣುಗೂಡಿತು ಎಂದುಕೊಂಡ ಕತೆಗಾರ. ನೆರಳಿನ ಮಾತು ನಾಲಗೆಯ ತುದಿಗೆ ಬಂತು. ಆದರೂ ತಡೆಯಲಾರದೆ ಮೊದಲು ಮುದುಕಿಯನ್ನೇ ಕೇಳಿದ.

"ಯಾಕವ್ವಾ, ಸುಮ್ಮನಾದಿ? ಕತಿ ಮನಸ್ಸಿಗೆ ಬರಲಿಲ್ಲೇನು?"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯ ನಮ್ಮಪ್ಪಾ, ಹೂಂ ಅನ್ನೂದು ಮುಂದೇನಾತು ಅಂತ ಕೇಳಾಕ. ಮಗಳು ಮನಿಗೆ ಬಂದ್ಲು, ಉಂಡ್ಲು, ಬಿಸಿಲಿಗೆ ಕುಂತ್ಲು. ಇನ್ನ ನಾ ಏನಂತ ಕೇಳ್ಲಿ?"

ಜನ ಒಬ್ಬೊಬ್ಬರಾಗಿ ಎದ್ದರು. ಗೆದ್ದವರು ತಾವೇ ಎಂಬಂತೆ ತಲೆ ಎತ್ತಿ ನಡೆದರು. ಒಬ್ಬ ರೈತ ಪಕ್ಕದ ಊರಿನ ನೆಂಟನಿಗೆ, "ಹಗಲು ತಿರುಗಿ ಬಂದದ್ದು ನಮ್ಮೂರಾಗ, ತಿಳ್ಕೋ" ಎಂದು ಹೇಳುತ್ತ ಹೋದ. ಕತೆಗಾರನನ್ನು ಹೊಗಳಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಕತೆಗಾರ ನೆರಳಿನ ಮಾತನ್ನು ನುಂಗಿಕೊಂಡ. ಹೊದಿಕೆ ಹೆಗಲಿಗೆ ಹಾಕಿಕೊಂಡು ಊರು ಬಿಟ್ಟ. ಅರಸನ ಕೈಯಿಂದ ಚಿನ್ನದ ಕಡಗ ತೊಡಿಸಿಕೊಂಡವನಿಗೂ ಅಷ್ಟು ಹೆಮ್ಮೆ ಇರಲಾರದು. "ಮುಗಿಸಿದೆ, ಚೆನ್ನಾಗಿ ಮುಗಿಸಿದೆ" ಎಂದು ದಾರಿಯಲ್ಲಿ ಒಬ್ಬನೇ ಗಟ್ಟಿಯಾಗಿ ಹೇಳಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಮುಂದಿನ ಚಳಿಗಾಲಕ್ಕೆ ಅವನನ್ನು ಯಾರಾದರೂ ಕರೆದರೇ, ಗುರುಗಳೇ?"

ಗುರುಗಳು ಹೇಳಿದರು: "ಮಗು, ಕತೆ ಮುಗಿದಿದೆ, ಈಗ ಮುಂದೇನೆಂದು ಕೇಳುತ್ತಿರುವುದು ನಿನ್ನ ಹೆದರಿಕೆ."