ಆರು ಮಂದಿ ಪಾತ್ರೆಗೆ ಒಂದು ಹಿಡಿ ನುಚ್ಚು

ಹೊಳೆ ದಂಡೆಯ ಮಠದಲ್ಲಿ ಅಜ್ಜಾರ ಹೊಟ್ಟೆಗೆ ಕೂಳು ಬಿದ್ದು ಒಂಬತ್ತು ದಿನವಾಗಿತ್ತು.

ಜ್ವರ ಬಂದು ಬಿಟ್ಟುಹೋಗಿತ್ತು. ಅದರ ಹಿಂದೆ ಹೋದ ಹಸಿವು ಮಾತ್ರ ತಿರುಗಿ ಬಂದಿರಲಿಲ್ಲ. ಒಂದು ಚಮಚ ಗಂಜಿ ಬಾಯಿಗಿಟ್ಟರೆ ನಾಲಿಗೆ ಮೇಲೆ ಹಾಗೇ ಇಟ್ಟುಕೊಂಡಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ತುಟಿಯ ಅಂಚಿನಿಂದ ಇಳಿದು ಬರುತ್ತಿತ್ತು.

ಶಿಷ್ಯ ಅಡಿವೆಪ್ಪ ಒರೆಸುತ್ತಿದ್ದ. ಒರೆಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಉಳಿಯಿತು ಅಂತ.

ಮಂಗಳವಾರ ಡಾಕ್ಟರು ಬಂದರು. ನಾಡಿ ಹಿಡಿದರು. ಅಡಿವೆಪ್ಪನನ್ನು ಪಡಸಾಲೆಗೆ ಕರೆದರು.

"ಶುಕ್ರವಾರ ಮಧ್ಯಾಹ್ನ ಬರ್ತೀನಿ. ಅಷ್ಟರಾಗ ಏನರ ಒಳಗ ಹೋಗಬೇಕು. ಇಲ್ಲಂದ್ರ ದವಾಖಾನಿಗೆ ಒಯ್ದು ಮೂಗಿನಾಗ ನಳಿಗಿ ಹಾಕಬೇಕಾಗ್ತದ. ಈ ವಯಸ್ಸಿಗೆ ತಡಕೋತಾರಂತ ನಾ ಹೇಳಾಂಗಿಲ್ಲ."

ಒಳಗಿನಿಂದ ಅಜ್ಜಾರ ದನಿ ಬಂತು.

"ನಳಿಗಿ ಬ್ಯಾಡ."

ಅಡಿವೆಪ್ಪ ಓಡಿದ.

"ಮತ್ತೇನ್ ಬೇಕ್ರಿ ಅಜ್ಜಾರ? ಒಂದ ಹೆಸರ ಹೇಳ್ರಿ. ಎಲ್ಲಿದ್ರೂ ತರ್ತೀನಿ."

ಅಜ್ಜಾರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೇನೋ ಅಂದುಕೊಂಡಾಗ ಹೇಳಿದರು.

"ನುಚ್ಚು. ಜೋಳದ ನುಚ್ಚು. ನುಣ್ಣಗ."

ಜೋಳದ ನುಚ್ಚು ನುಣ್ಣಗಾಗಬೇಕಾದರೆ ಒಲೆ ಮುಂದೆ ಕೂತಿರಬೇಕು. ಅಡಿವೆಪ್ಪನಿಗೆ ಕೂರಲಾಗುತ್ತಿರಲಿಲ್ಲ. ಗ್ಯಾಸಿನ ಮೇಲೆ ನುಚ್ಚು ಇಟ್ಟು, ಅಜ್ಜಾರ ಎದೆ ಏಳುತ್ತದೋ ಇಲ್ಲವೋ ನೋಡಲು ಓಡುತ್ತಿದ್ದ. ತಿರುಗಿ ಬರುವಷ್ಟರಲ್ಲಿ ತಳ ಹಿಡಿದಿರುತ್ತಿತ್ತು. ಕುಕ್ಕರಿನಲ್ಲಿ ಇಟ್ಟು ನೋಡಿದ. ಸೀಟಿ ಕೂಗಿದ್ದಕ್ಕೆ ಅಜ್ಜಾರು ಬೆಚ್ಚಿಬಿದ್ದರು.

ಡಾಕ್ಟರ ಜೊತೆ ಬಂದಿದ್ದ ನರ್ಸಮ್ಮ ಹೋಗುವಾಗ ಒಂದು ದಾರಿ ಹೇಳಿದ್ದಳು. "ಸ್ಲೋ ಕುಕ್ಕರ್ ಅಂತ ಬರ್ತದ ನೋಡ್ರಿ. ಕರೆಂಟಿಂದು. ಸಣ್ಣ ಕಾವು, ಸೀಟಿ ಇಲ್ಲ. ಇಟ್ಟು ಮರತುಬಿಡಬೇಕು."

ಬುಧವಾರ ಬೆಳಿಗ್ಗೆ ಪಾತ್ರೆ ತಿಕ್ಕುವ ದ್ಯಾಮವ್ವನನ್ನು ಅಜ್ಜಾರ ಹತ್ತಿರ ಕೂರಿಸಿ ಅಡಿವೆಪ್ಪ ತಾಲೂಕಿಗೆ ಹೋದ.

ಅಂಗಡಿಯವನು ಕೇಳಿದ, "ಎಷ್ಟ ಮಂದಿಗೆ?"

"ಒಬ್ಬರಿಗೆ."

"ಹಂಗಾರ ಈ ಸಣ್ಣದು ಒಯ್ರಿ. ಒಂದೂವರೆ ಲೀಟರ್."

ಅಡಿವೆಪ್ಪ ಅದನ್ನು ಎತ್ತಿ ನೋಡಿದ. ಮಕ್ಕಳ ಆಟದ ಗಡಿಗೆಯಂತೆ ಕಂಡಿತು.

"ಇದು ಸಾಲದಿದ್ರ?"

"ಒಬ್ಬರು ಎಷ್ಟ ಉಣ್ತಾರ್ರಿ?"

"ದೊಡ್ಡದು ತಗೀರಿ."

"ಅದು ಆರು ಮಂದೀದು."

"ಅದ ಇರಲಿ. ಸೀಯೂದಿಲ್ಲ ಹೌದಿಲ್ರಿ? ಪಿಂಗಾಣಿ ಒಡದ್ರ? ಮುಚ್ಚಳಾ ಗಾಜಿಂದೈತಿ, ಬಿದ್ರ? ನಡುವ ಕರೆಂಟ್ ಹೋದ್ರ?"

ಅಂಗಡಿಯವನು ನಕ್ಕ. "ಯಜಮಾನ್ರ, ಪಾತ್ರಿ ಒಯ್ಯಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?"

ಅಡಿವೆಪ್ಪ ನಗಲಿಲ್ಲ. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಕೂತ. ಪ್ರತಿ ತಿರುವಿಗೂ ಅಪ್ಪಿಕೊಂಡ.

ಬಂದವನೇ ಒಂದು ಹಿಡಿ ನುಚ್ಚು ತೊಳೆದು ಹಾಕಿದ. ಎರಡು ಲೋಟ ನೀರು. ಗಾಜಿನ ಮುಚ್ಚಳ. ಗುಂಡಿ ತಿರುವಿ ಎದುರಿಗೆ ಕೂತ.

ಕುದಿಯಲಿಲ್ಲ. ಮುಚ್ಚಳ ತೆಗೆದು ನೋಡಿದ. ಹಬೆ ಮುಖಕ್ಕೆ ಬಂತು. ಮುಚ್ಚಿದ. ಅಜ್ಜಾರ ಹತ್ತಿರ ಹೋದ, ಹೊದಿಕೆ ಸರಿಸಿ ಎದೆ ನೋಡಿದ, ಹೊದಿಸಿದ. ಬಂದ. ಮುಚ್ಚಳ ತೆಗೆದ. ಮತ್ತೆ ಹೋದ.

ಸಂಜೆಗೆ ನೋಡಿದರೆ ಪಾತ್ರೆಯ ಅಂಚಿಗೆ ಕಂದು ಹಕ್ಕಳೆ ಕಟ್ಟಿತ್ತು. ನಡುವೆ ನುಚ್ಚು ಹಲ್ಲಿಗೆ ಕರಕರ ಅನ್ನುತ್ತಿತ್ತು.

ಅಜ್ಜಾರು ಮಲಗಿದಲ್ಲಿಂದ ಕೇಳಿದರು. "ಎಷ್ಟ ಸಲ ತಗದಿ?"

"ಏನ್ರಿ?"

"ಮುಚ್ಚಳಾ. ಗಾಜಿನ ಸಪ್ಪಳಾ ಕೇಳಸ್ತಿತ್ತು."

"ಬೆಂದೈತೋ ಇಲ್ಲೋ ನೋಡಾಕ್ರಿ."

"ನನ್ನ ಹೊದಿಕಿನೂ ತಗೀತಿ."

"ಉಸಿರು ಐತೋ ಇಲ್ಲೋ ನೋಡಾಕ್ರಿ."

"ಇರ್ತೈತೇನು?"

"ಇರ್ತೈತ್ರಿ."

"ನನಗ ಥಂಡಿ ಹತ್ತತೈತಿ."

ಗುರುವಾರ ಅಡಿವೆಪ್ಪ ಮುಚ್ಚಳವನ್ನು ಪಂಚೆಯ ಚೂರಿನಿಂದ ಬಿಗಿದು ಕಟ್ಟಿದ. ಈ ಸಲ ಮುಟ್ಟಲೇಬಾರದು ಅಂತ. ಆದರೆ ಅದಕ್ಕೆ ಮೊದಲು ಸೀದೀತು ಅಂತ ಹೆದರಿ ಒಂದು ಹಿಡಿ ನುಚ್ಚಿಗೆ ಎಂಟು ಲೋಟ ನೀರು ಸುರಿದಿದ್ದ.

ಮಧ್ಯಾಹ್ನ ಗಂಟು ಬಿಚ್ಚಿದ. ಸುರಿದ ನೀರು ಸುರಿದಷ್ಟೇ ಇತ್ತು. ಒಲೆಯ ಮೇಲೆ ಆರಿಹೋಗುವ ಹಾಗೆ ಈ ಪಾತ್ರೆಯಲ್ಲಿ ನೀರು ಆರುವುದಿಲ್ಲ. ಹಬೆ ಮುಚ್ಚಳಕ್ಕೆ ಬಡಿದು ಮತ್ತೆ ಒಳಗೇ ಬೀಳುತ್ತದೆ. ನುಚ್ಚು ತಳಕ್ಕೆ ಕೂತಿತ್ತು, ಹೊಳೆಯ ಕೆಳಗಿನ ಮರಳಿನಂತೆ.

ಎಲ್ಲ ಚೆಲ್ಲಿ ಇನ್ನೊಮ್ಮೆ ಇಡೋಣ, ಸಂಜೆಗಾದರೂ ಆಗುತ್ತದೆ ಅಂದುಕೊಂಡ. ಸುಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಚ್ಚಲಿಗೆ ಒಯ್ದ. ಚೆಲ್ಲಿದ. ತಣ್ಣೀರಿನ ಚೊಂಬು ಎತ್ತಿದ.

"ಏಯ್!" ದ್ಯಾಮವ್ವ ಅವನ ಮುಂಗೈ ಹಿಡಿದಳು. "ಕಾದ ಪಿಂಗಾಣಿಗೆ ತಣ್ಣೀರ ಹೊಡೀತಾರೇನ? ಸೀಳಿ ಎರಡ ಆಕ್ಕೈತಿ. ನಾಳೆ ನಿನ್ನ ತಲಿಯಾಗ ಬೇಯಿಸ್ತಿ?"

ಅಡಿವೆಪ್ಪ ಚೊಂಬು ಇಟ್ಟು ಬಚ್ಚಲ ಕಟ್ಟೆಗೆ ಕುಸಿದು ಕೂತ.

"ಆಗೂದಿಲ್ಲ ದ್ಯಾಮವ್ವ. ನನ್ನ ಕಡಿಂದ ಆಗೂದಿಲ್ಲ."

"ಆಗೂದಿಲ್ಲ ಬಿಡು. ಮುಂಬಾಗಿಲಾ ಹಾಕಿ ಒಬ್ಬನ ಒದ್ದಾಡಾಕತ್ತೀ. ಮಂದಿ ದಿನಾ ಬಂದು ಬಡದು ಬಡದು ಹೊಳ್ಳಿ ಹೋಗ್ಯಾರ. ನಾನೂ ಕಳ್ಳಿ ಹಂಗ ಹಿತ್ತಲಾಗಿಂದ ಬರಬೇಕು."

"ಅಜ್ಜಾರಿಗೆ ಗದ್ದಲ ಆಗಬಾರದು. ಬಂದವರ ಸಂಗಾಟ ಮತ್ತ್ಯಾವ ಜಡ್ಡು ಬರ್ತೈತೋ ಯಾಂವ ಬಲ್ಲ."

"ಹೌದಪಾ, ಎಲ್ಲಾರ ಜಡ್ಡೂ ನಿನಗ ಕಾಣತೈತಿ," ಅಂದು ಅವಳು ಚೊಂಬಿನ ನೀರನ್ನು ತಾನೇ ಕುಡಿದಳು.

ಅಡಿವೆಪ್ಪ ಒಳಗೆ ಹೋಗಿ ಅಜ್ಜಾರ ಕಾಲಬದಿ ನಿಂತ.

"ಅಜ್ಜಾರ, ನಾಳೆ ಶುಕ್ರವಾರ."

"ಗೊತ್ತು."

"ಪಾತ್ರಿ ಕೆಟ್ಟದ್ದೈತ್ರಿ."

"ತಾ ಇಲ್ಲಿ."

ಆರಿದ ಮೇಲೆ ತಂದು ಮುಂದಿಟ್ಟ. ಅಜ್ಜಾರು ಒಂದು ಕಡೆ ಹೊರಳಿ ಪಾತ್ರೆಯೊಳಗೆ ಕೈ ಇಳಿಬಿಟ್ಟರು. ಮುಂಗೈ ಒಳಗೆ ಹೋಯಿತು. ಇನ್ನೂ ಇಳಿಯಿತು. ಆಮೇಲೆ ಬೆರಳು ತಳ ಮುಟ್ಟಿತು.

"ಎಷ್ಟ ಮಂದೀದು?"

"ಆರು ಮಂದೀದ್ರಿ."

"ಎಷ್ಟ ಹಾಕಿದ್ದಿ?"

"ಒಂದ ಹಿಡಿ. ನಿಮಗೊಬ್ಬರಿಗೇ ಅಲ್ರಿ?"

"ಈ ಮಠದಾಗ ಒಬ್ಬಂಗಂತ ಎಂದ ಅಡಿಗಿ ಮಾಡಿದ್ದಿ?"

ಅಡಿವೆಪ್ಪ ಲೆಕ್ಕ ಹಾಕಲು ಹೋದ. ಹಾಕಲು ಏನೂ ಸಿಗಲಿಲ್ಲ. ಅವನು ಬಂದ ದಿನದಿಂದಲೂ ಮಧ್ಯಾಹ್ನ ಯಾರು ಬಂದರೆ ಅವರು ಸಾಲಾಗಿ ಕೂರುತ್ತಿದ್ದರು. ಸಾಲಿನ ಕೊನೆಗೆ ಅಜ್ಜಾರ ತಾಟು. ಅಜ್ಜಾರು ಒಬ್ಬರೇ ಕೂತು ಉಂಡದ್ದನ್ನು ಅವನು ಕಂಡಿರಲಿಲ್ಲ. ಬಾಗಿಲು ಹಾಕಿಕೊಂಡ ಈ ದಿನಗಳಲ್ಲಿ ಮಾತ್ರ ಅವರೊಬ್ಬರಿಗೇ ಅಂತ ಗಂಜಿ ಬಂದಿತ್ತು.

"ಮಂದಿ ಬಂದ್ರ ನಿಮಗ ತ್ರಾಸ ಆಕ್ಕೈತ್ರಿ. ನಿಮಗೇನರ ಆದ್ರ ನಾ ಏನ್ ಮಾಡ್ಲಿ?"

ಅಜ್ಜಾರು ಬೆರಳಿನಿಂದ ಪಾತ್ರೆಯ ಅಂಚು ತಟ್ಟಿದರು.

"ತುಂಬು."

"ಉಣ್ಣವರ ಯಾರ್ರಿ?"

"ಅಗಳಿ ತಗದ ನೋಡು."

ಶುಕ್ರವಾರ ಬೆಳಕು ಹರಿಯುವಾಗ ಅಡಿವೆಪ್ಪ ಪಾತ್ರೆಯ ಮುಕ್ಕಾಲಿಗೆ ಬರುವ ಹಾಗೆ ನುಚ್ಚು, ನೀರು ಹಾಕಿದ. ನೀರನ್ನು ಕೈಯಿಂದ ಅಳೆದ. ಸಣ್ಣ ಕಾವಿಗೆ ಗುಂಡಿ ತಿರುವಿದ. ಮುಚ್ಚಳ ಇಟ್ಟ. ಕಟ್ಟಲಿಲ್ಲ.

ಹೋಗಿ ಮುಂಬಾಗಿಲ ಅಗಳಿ ತೆಗೆದ.

ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು.

ಇಷ್ಟು ನುಚ್ಚು ಇಟ್ಟಾಗಿದೆ. ಡಾಕ್ಟರು ಬರುವುದು ಇವತ್ತೇ. ಅವನು ಹೊಳೆಗೆ ಇಳಿದು ಕೈ ಬೀಸಿದ. ಹರಿಗೋಲಿನ ಮೌಲಾಸಾಬ ನಡುನೀರಿನಲ್ಲಿದ್ದ.

"ಮೌಲಾ! ಮಧ್ಯಾಹ್ನ ಊಟಕ್ಕ ಬಾರೋ!"

"ಬಾಗಿಲಾ ತಗದ್ರೇನ್ರಿ? ಅಜ್ಜಾರ ಹ್ವಾದ್ರು, ನೀವ ಮುಚ್ಚಿಟ್ಟೀರಿ ಅಂತ ನಾವು ಅಳಾಕ ಸುರು ಮಾಡಿದ್ವಿ."

"ಬಾಯಿ ಮುಚ್ಚೋ ಮಾರಾಯಾ!"

"ಮುಚ್ಚಿದ್ರ ಉಣ್ಣೂದ ಹೆಂಗ್ರಿ?"

ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ನಕ್ಕರು. ಅವರನ್ನೂ ಕರೆದ. ದಾರಿಯಲ್ಲಿ ಹೋಗುತ್ತಿದ್ದ ಬಳೆಗಾರ ಮುದುಕನನ್ನೂ ಕರೆದ. ಕರೆಯುವಾಗ ಅವರಿಗೆ ಕೆಮ್ಮು ಇದೆಯೋ ಅಂತ ಮುಖ ನೋಡಿದ. ನೋಡಿದ್ದಕ್ಕೆ ನಾಚಿದ.

ಬೆಳಿಗ್ಗೆಯೆಲ್ಲ ಅವನ ಕೈ ಮುಚ್ಚಳದ ಕಡೆಗೆ ಹೋಗುತ್ತಿತ್ತು. ಹೋದಾಗಲೆಲ್ಲ ಅದೇ ಕೈಯಿಂದ ತಾಟು ತೊಳೆದ. ಎಲ್ಲ ತಾಟನ್ನೂ ಎರಡು ಸಲ ತೊಳೆದ.

ಹೊತ್ತು ನೆತ್ತಿಗೆ ಬಂದಾಗ ಮುಚ್ಚಳ ತೆಗೆದ.

ನುಚ್ಚು ಅಂಚಿಗೆ ಹತ್ತಿರಲಿಲ್ಲ, ತಳಕ್ಕೂ ಕೂತಿರಲಿಲ್ಲ. ಸೌಟು ಹಾಕಿದರೆ ಬೆಣ್ಣೆಯ ಹಾಗೆ ಸರಿಯಿತು. ದ್ಯಾಮವ್ವ ಇಣುಕಿ ನೋಡಿ, "ಹ್ಞಾಂ, ಇದು ನುಚ್ಚು," ಅಂದಳು.

ಮೌಲಾಸಾಬ ಅಜ್ಜಾರನ್ನು ಎತ್ತಿ ತಂದು ಪಡಸಾಲೆಯ ಕಂಬಕ್ಕೆ ಒರಗಿಸಿದ. ಅವರ ಭಾರವೇ ಅವನಿಗೆ ಗೊತ್ತಾಗಲಿಲ್ಲ. ಸಾಲು ಕೂತಿತು. ಅಡಿವೆಪ್ಪ ನುಚ್ಚು ನೀಡಿದ, ಮಜ್ಜಿಗೆ ನೀಡಿದ, ಉಪ್ಪು ಇಟ್ಟ. ಕೊನೆಯ ತಾಟು ಅಜ್ಜಾರದು. ಅದರ ಮುಂದೆ ಸೌಟು ಹಿಡಿದವನು ಹಾಗೇ ಕೂತುಬಿಟ್ಟ. ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ.

ಅಜ್ಜಾರು ಎರಡು ಬೆರಳಲ್ಲಿ ನುಚ್ಚು ತೆಗೆದು ಬಾಯಿಗಿಟ್ಟರು.

ಸಾಲಿನಲ್ಲಿ ಮಾತು ನಡೆದಿತ್ತು. ಬಳೆಗಾರ ಯಾವುದೋ ಊರಿನ ಮದುವೆಯಲ್ಲಿ ಬಳೆ ಸಾಲದೆ ಆದ ಜಗಳ ಹೇಳುತ್ತಿದ್ದ. ಹೆಂಗಸರು ನಗುತ್ತಿದ್ದರು. ಮೌಲಾಸಾಬ ಸೊರ್ ಸೊರ್ ಅಂತ ಮಜ್ಜಿಗೆ ಎಳೆಯುತ್ತಿದ್ದ. ಅಡಿವೆಪ್ಪನಿಗೆ ಯಾವುದೂ ಕೇಳಲಿಲ್ಲ. ಅಜ್ಜಾರ ತುಟಿ ನೋಡಿದ. ಅಂಚಿನಿಂದ ಏನೂ ಇಳಿದಿರಲಿಲ್ಲ. ಗಂಟಲು ನೋಡಿದ. ಅದು ಆಡಿರಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸಪ್ಪಳ. ಡಾಕ್ಟರ ಚಪ್ಪಲಿ ಮೆಟ್ಟಿಲು ಹತ್ತಿತು.

ಅಡಿವೆಪ್ಪ ಇನ್ನೂ ಹತ್ತಿರಕ್ಕೆ ಬಗ್ಗಿದ. ಬಟ್ಟೆ ಹಿಡಿದ ಕೈ ತಾನಾಗಿ ಮುಂದೆ ಹೋಯಿತು.

ಅಜ್ಜಾರ ಗಂಟಲು ಆಡಿತು. ಅವರು ಆ ಕೈಯನ್ನು ಮೆಲ್ಲಗೆ ಆಚೆ ಸರಿಸಿದರು.

"ನನ್ನ ಬಾಯಿ ಏನ್ ನೋಡ್ತಿ? ಮೌಲಾನ ತಾಟು ಖಾಲಿ ಐತಿ, ನೀಡು."